ಸ್ಟರ್ನ್‌ಡ್ರೈವ್ ಮರುಜೋಡಣೆ: ಕೊನೆಯ ಒಂದು ಅಂಗುಲ ಒಳಗೆ ಹೋಗದಿದ್ದರೆ

ಪ್ರಶ್ನೆ: ನಮ್ಮ ಮನೆ ಕುಂಬಳೆಯ ಹತ್ತಿರ, ಶಿರಿಯ ಹೊಳೆಯ ಬದಿಯಲ್ಲಿದೆ. ಮನೆಯವರ ಓಡಾಟಕ್ಕೆಂದು ಕೊಂಡ ಹಳೆಯ ಫೈಬರ್ ದೋಣಿಯಲ್ಲಿ 4.3 ಲೀಟರ್ ಸಾಮರ್ಥ್ಯದ ಮರ್‌ಕ್ರೂಸರ್ ಪೆಟ್ರೋಲ್ ಎಂಜಿನ್ನೂ ಎರಡನೇ ಪೀಳಿಗೆಯ ಆಲ್ಫಾ ಒನ್ ಸ್ಟರ್ನ್‌ಡ್ರೈವೂ (ದೋಣಿಯ ಹಿಂಗೋಡೆಯ ಹೊರಗೆ ಪ್ರೊಪೆಲ್ಲರ್ ಹೊತ್ತ ಕಾಲು) ಇವೆ. ಮಳೆಗಾಲದಲ್ಲಿ ದೋಣಿಯನ್ನು ಅಂಗಳಕ್ಕೆ ತಂದು, ಡ್ರೈವನ್ನು ಕಳಚಿ, ಹರಿದಿದ್ದ ಬೆಲ್ಲೋಸ್‌ಗಳನ್ನು, ಅಂದರೆ ಬಾಗುವ ರಬ್ಬರ್ ಕೊಳವೆಗಳನ್ನು, ನಾವೇ ಬದಲಾಯಿಸಿದೆವು. ಈಗ ಡ್ರೈವನ್ನು ಮರಳಿ ಕೂರಿಸಲು ಹೊರಟರೆ ಕೊನೆಯ ಒಂದು ಅಂಗುಲದಷ್ಟು ಏನು ಮಾಡಿದರೂ ಒಳಗೆ ಹೋಗುತ್ತಿಲ್ಲ. ಆರೂ ಸ್ಟಡ್‌ಗಳಿಗೆ ನಟ್ಟು ಹಾಕಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಎಳೆದುಕೊಳ್ಳಬಹುದೇ? ಇಲ್ಲಿಯ ಮೆಕ್ಯಾನಿಕ್‌ಗಳು ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಪಳಗಿದವರು. ಸ್ಟರ್ನ್‌ಡ್ರೈವ್ ಬಿಚ್ಚಿ ಕಟ್ಟಿದವರು ಯಾರೂ ಸಿಗಲಿಲ್ಲ.

ಉತ್ತರ: ದಯವಿಟ್ಟು ನಟ್ಟು ಬಿಗಿದು ಎಳೆಯಬೇಡಿ. ಆ ಆರು ನಟ್ಟುಗಳಿರುವುದು ಸರಿಯಾಗಿ ಕುಳಿತ ಡ್ರೈವನ್ನು ಅಲುಗದಂತೆ ಹಿಡಿದಿಡಲು. ಕುಳಿತುಕೊಳ್ಳದ ಡ್ರೈವನ್ನು ಒಳಕ್ಕೆ ಎಳೆಯಲು ಅಲ್ಲ. ಎಲ್ಲವೂ ಹೊಂದಿಕೊಂಡಿದ್ದರೆ ಈ ಡ್ರೈವ್ ಇಬ್ಬರ ಕೈಬಲಕ್ಕೇ ಕೊನೆಯವರೆಗೆ ಜಾರಿ ಹೋಗಿ, ಎರಡು ಲೋಹದ ಮುಖಗಳೂ ಬಹುತೇಕ ತಾಗುವಂತೆ ಕೂರುತ್ತದೆ. ಕೂರದಿದ್ದರೆ ಒಳಗೆ ಯಾವುದೋ ಒಂದು ಭಾಗ ತನ್ನ ಜಾಗದಲ್ಲಿಲ್ಲ ಎಂದೇ ಅರ್ಥ, ಮತ್ತು ನಟ್ಟಿನ ಬಲ ಬಿದ್ದಾಗ ಬಾಗುವುದೋ ಒಡೆಯುವುದೋ ಆ ಭಾಗವೇ. ಗೇರ್ ಬದಲಿಸುವ ಕೊಂಡಿ ಬಾಗಬಹುದು, ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗ್ ಕತ್ತರಿಸಿಹೋಗಬಹುದು, ಅಲ್ಯುಮಿನಿಯಂ ಕವಚದೊಳಗಿನ ಎಳೆಗಳನ್ನು ಕಿತ್ತುಕೊಂಡು ಸ್ಟಡ್ಡೇ ಹೊರಬರಬಹುದು. ಎಲ್ಲಕ್ಕಿಂತ ದುಬಾರಿಯಾದದ್ದು ಎಂಜಿನ್ನಿನ ಹಿಂಬದಿಯಲ್ಲಿದ್ದು ಅದರ ತಿರುಗುವಿಕೆಯನ್ನು ಡ್ರೈವಿಗೆ ದಾಟಿಸುವ ಕಪ್ಲರ್ ಕೆಡುವುದು, ಏಕೆಂದರೆ ಅದನ್ನು ಬದಲಾಯಿಸಲು ಎಂಜಿನ್ನನ್ನೇ ದೋಣಿಯಿಂದ ಮೇಲೆತ್ತಬೇಕಾಗುತ್ತದೆ.

ಕಾರಣವನ್ನು ಹುಡುಕುವ ಮೊದಲು ಏನು ಯಾವುದರೊಳಗೆ ಹೋಗುತ್ತಿದೆ ಎಂಬುದು ಸ್ಪಷ್ಟವಾಗಿರಲಿ. ಎಂಜಿನ್ ದೋಣಿಯ ಒಳಗೂ ಪ್ರೊಪೆಲ್ಲರ್ ಹೊತ್ತ ಕಾಲು ಹಿಂಗೋಡೆಯ ಹೊರಗೂ ಇರುವ ಈ ವ್ಯವಸ್ಥೆಯನ್ನು ವೋಲ್ವೋ ಪೆಂಟಾ ಕಂಪನಿ 1959ರಲ್ಲಿ ಅಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು, ಮರ್‌ಕ್ರೂಸರ್ ಅದರ ಬೆನ್ನಿಗೇ ಬಂದಿತು. ಅಂದಿನಿಂದ ಇಂದಿನವರೆಗೆ ಮೂಲ ರಚನೆ ಬದಲಾಗಿಲ್ಲ. ಹಿಂಗೋಡೆಗೆ ಬೋಲ್ಟ್ ಮಾಡಿದ ಗಿಂಬಲ್ ಹೌಸಿಂಗ್ ಅಲುಗುವುದಿಲ್ಲ. ಅದರೊಳಗಿನ ಗಿಂಬಲ್ ರಿಂಗ್ ಎಡಬಲಕ್ಕೆ ತಿರುಗುತ್ತದೆ. ಆ ರಿಂಗಿಗೆ ಜೋತುಬಿದ್ದಿರುವ ಬೆಲ್ ಹೌಸಿಂಗ್ ಮೇಲೆ ಕೆಳಗೆ ಓಲಾಡುತ್ತದೆ. ನಿಮ್ಮ ಡ್ರೈವ್ ಬಂದು ಕೂರಬೇಕಾದದ್ದು ಈ ಬೆಲ್ ಹೌಸಿಂಗಿನ ಮುಖಕ್ಕೆ. ಕೂರುವ ಹೊತ್ತಿಗೆ ಅದರ ಯು-ಜಾಯಿಂಟ್ (ಬಾಗಿದಾಗಲೂ ತಿರುಗಬಲ್ಲ ಕೀಲು) ಇರುವ ಶಾಫ್ಟ್ ಬೆಲ್ಲೋಸ್‌ನ ಒಳಗಿನಿಂದ ಸಾಗಿ, ಗಿಂಬಲ್ ಬೇರಿಂಗನ್ನು ದಾಟಿ, ತನ್ನ ತುದಿಯ ಸ್ಪ್ಲೈನ್ ಹಲ್ಲುಗಳನ್ನು ಎಂಜಿನ್ ಕಪ್ಲರಿನ ಹಲ್ಲುಗಳೊಳಗೆ ಇಳಿಸಬೇಕು. ಅದೇ ಹೊತ್ತಿಗೆ ಗೇರಿನ ಕೊಂಡಿ ಕೊಂಡಿಗೆ ಸೇರಬೇಕು, ತಂಪು ನೀರಿನ ದಾರಿಯ ಬಾಯಿಗೆ ಬಾಯಿ ಕೂಡಬೇಕು, ಬೇರಿಂಗ್ ರಿಟೇನರಿನ ಸುತ್ತಲಿನ ದೊಡ್ಡ ಓ-ರಿಂಗ್ ತನ್ನ ಗುಂಡಿಯೊಳಗೆ ಜಾರಬೇಕು. ಇಷ್ಟೂ ಒಂದೇ ತಳ್ಳುವಿಕೆಯಲ್ಲಿ, ಕಣ್ಣಿಗೆ ಕಾಣದಂತೆ ನಡೆಯುವುದರಿಂದಲೇ ಈ ಕೆಲಸ ಕಠಿಣವೆನಿಸುತ್ತದೆ. ಒಂದೊಂದನ್ನೂ ಮುಂಚಿತವಾಗಿ, ಬೇರೆಬೇರೆಯಾಗಿ ಪರೀಕ್ಷಿಸಿಟ್ಟುಕೊಂಡರೆ ತಳ್ಳುವ ಹೊತ್ತಿಗೆ ಆತಂಕ ಉಳಿಯುವುದಿಲ್ಲ.

ಡ್ರೈವನ್ನು ಹೊರಗೆ ತೆಗೆಯುವ ಮುನ್ನ ಉಳಿದ ಸಂದನ್ನು ಸುತ್ತಲೂ ಅಳೆದು ನೋಡಿ. ಮೇಲೆ ಹೆಚ್ಚು ಕೆಳಗೆ ಕಡಿಮೆ, ಅಥವಾ ಎಡಕ್ಕೆ ಹೆಚ್ಚು ಬಲಕ್ಕೆ ಕಡಿಮೆ ಇದ್ದರೆ ಡ್ರೈವ್ ಓರೆಯಾಗಿ ನಿಂತಿದೆ. ಬೆಲ್ ಹೌಸಿಂಗ್ ಯಾವ ಕೋನದಲ್ಲಿದೆಯೋ ಅದೇ ಕೋನಕ್ಕೆ ಡ್ರೈವನ್ನು ತಂದರೆ ಕೆಲಸ ಮುಗಿಯಬಹುದು. ಸುತ್ತಲೂ ಒಂದೇ ಸಮನಾದ ಸಂದಿದ್ದು, ತಳ್ಳಿದಾಗ ರಬ್ಬರಿನಂತೆ ಹಿಂದಕ್ಕೆ ಒತ್ತಿ ಬಂದರೆ ಓ-ರಿಂಗ್‌ಗಳು ಒಣಗಿವೆ ಅಥವಾ ಮಡಚಿಕೊಂಡಿವೆ ಎಂದು ಶಂಕಿಸಬೇಕು. ತಳ್ಳಿದ ಕೂಡಲೇ ಲೋಹಕ್ಕೆ ಲೋಹ ತಾಗಿದ ಗಡಸು ಸದ್ದಿನೊಂದಿಗೆ ನಿಂತುಬಿಟ್ಟರೆ ಸ್ಪ್ಲೈನ್ ಹಲ್ಲುಗಳು ಎದುರುಬದುರಾಗಿ ನಿಂತಿರಬೇಕು, ಗೇರಿನ ಕೊಂಡಿ ಅಡ್ಡ ಬಂದಿರಬೇಕು ಅಥವಾ ಎಂಜಿನ್ನಿನ ಅಲೈನ್‌ಮೆಂಟ್, ಅಂದರೆ ಶಾಫ್ಟಿನ ನೇರಕ್ಕೆ ಅದರ ಹೊಂದಿಕೆ, ತಪ್ಪಿರಬೇಕು. ಕೈಗೆ ಸಿಗುವ ಈ ಅನುಭವವನ್ನು ಗಮನದಲ್ಲಿಟ್ಟುಕೊಂಡು ಡ್ರೈವನ್ನು ನೇರವಾಗಿ ಹಿಂದಕ್ಕೆಳೆದು ಹೊರತೆಗೆಯಿರಿ.

ಗೇರಿನ ವಿಷಯವನ್ನು ಮೊದಲು ಮುಗಿಸೋಣ, ಏಕೆಂದರೆ ಇದು ಖರ್ಚಿಲ್ಲದ ಪರೀಕ್ಷೆ ಮತ್ತು ಮನೆಯಲ್ಲಿ ಮಾಡುವವರು ಹೆಚ್ಚಾಗಿ ಮರೆಯುವ ಪರೀಕ್ಷೆ. ಆಲ್ಫಾ ಡ್ರೈವನ್ನು ತೆಗೆಯುವಾಗಲೂ ಕೂರಿಸುವಾಗಲೂ ಗೇರು ಮುಂದಕ್ಕೆ, ಅಂದರೆ ಫಾರ್ವರ್ಡ್‌ನಲ್ಲಿ ಇರಬೇಕು. ಮರ್‌ಕ್ರೂಸರಿನದೇ ಇನ್ನೊಂದು ಮಾದರಿಯಾದ ಬ್ರಾವೋ ಡ್ರೈವಿನಲ್ಲಿ ನ್ಯೂಟ್ರಲ್ ಇರಬೇಕು. ಎರಡರ ಸೂಚನೆಗಳನ್ನೂ ಬೆರೆಸಿ ಹೇಳುವ ಸಲಹೆಗಳು ಬಹಳ ಓಡಾಡುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಚಾಲಕನ ಬಳಿಯ ಹಿಡಿಕೆಯನ್ನು ಫಾರ್ವರ್ಡ್‌ಗೆ ತನ್ನಿ. ಬಳಿಕ ಡ್ರೈವಿನ ಮೇಲಿರುವ ಶಿಫ್ಟ್ ಶಾಫ್ಟನ್ನು ಕೂಡ, ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ, ಫಾರ್ವರ್ಡ್‌ಗೆ ಹೊರಳಿಸಿ. ಗೇರು ಬಿದ್ದಿದೆಯೇ ಎಂದು ತಿಳಿಯುವ ಬಗೆ ಹೀಗೆ: ಪ್ರೊಪೆಲ್ಲರ್ ಶಾಫ್ಟನ್ನು ಒಂದು ದಿಕ್ಕಿಗೆ ತಿರುಗಿಸಿದಾಗ ಮೇಲಿನ ಯು-ಜಾಯಿಂಟ್ ಕೂಡ ತಿರುಗಬೇಕು, ಇನ್ನೊಂದು ದಿಕ್ಕಿಗೆ ತಿರುಗಿಸಿದಾಗ ಹಲ್ಲು ಜಾರುವ ಟಕಟಕ ಸದ್ದು ಬರಬೇಕು. ಹೀಗೆ ಗೇರಿನಲ್ಲಿಡುವುದರಿಂದ ಇನ್ನೊಂದು ಅನುಕೂಲವೂ ಇದೆ. ಡ್ರೈವನ್ನು ಒಳಗೆ ತಳ್ಳುವಾಗ ಸ್ಪ್ಲೈನ್ ಹಲ್ಲುಗಳು ಹೊಂದದಿದ್ದರೆ ಸಹಾಯಕರು ಹಿಂದಿನಿಂದ ಪ್ರೊಪೆಲ್ಲರ್ ಶಾಫ್ಟನ್ನು ಆ ಮೊದಲ ದಿಕ್ಕಿಗೆ ಚೂರು ತಿರುಗಿಸಿದರೆ ಸಾಕು, ಹಲ್ಲು ಹಲ್ಲಿಗೆ ಸಿಕ್ಕಿ ಡ್ರೈವ್ ಮುಂದೆ ಹೋಗುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಪ್ರೊಪೆಲ್ಲರ್ ಎಷ್ಟು ತಿರುಗಿಸಿದರೂ ಮೇಲಿನ ಶಾಫ್ಟ್ ಅಲ್ಲೇ ನಿಂತಿರುತ್ತದೆ.

ಗೇರು ಸರಿಯಿದ್ದೂ ತಡೆ ಉಳಿದರೆ ಉಳಿಯುವುದು ಬೇರಿಂಗ್ ಮತ್ತು ಅಲೈನ್‌ಮೆಂಟ್. ನಿಮ್ಮ ಪತ್ರವನ್ನು ಓದಿದಾಗ ನನ್ನ ಅನುಮಾನ ಹೆಚ್ಚು ಇತ್ತಲೇ ಹೋಗುತ್ತದೆ. ನೀವು ಅಲೈನ್‌ಮೆಂಟ್ ಸರಳಿನ ಪ್ರಸ್ತಾಪವನ್ನೇ ಮಾಡಿಲ್ಲ, ಮತ್ತು ಬೆಲ್ಲೋಸ್ ಬದಲಾಯಿಸುವಾಗ ಗಿಂಬಲ್ ಬೇರಿಂಗನ್ನು ಮುಟ್ಟದೆ, ತಳ್ಳದೆ ಕೆಲಸ ಮುಗಿಸುವುದು ಕಷ್ಟ. ಈ ಬೇರಿಂಗ್ ತನ್ನ ಹೊರಕವಚದೊಳಗೆ ಸ್ವಲ್ಪ ಓಲಾಡುವಂತೆ ರಚನೆಗೊಂಡಿದೆ. ಎಂಜಿನ್ ಮತ್ತು ಡ್ರೈವ್‌ಗಳ ನಡುವಿನ ಕಿಂಚಿತ್ ಕೋನವ್ಯತ್ಯಾಸವನ್ನು ಹೊಂದಿಸಿಕೊಳ್ಳಲೆಂದೇ ಆ ಓಲಾಟ. ಅದೇ ಕಾರಣಕ್ಕೆ, ಡ್ರೈವ್ ಇಲ್ಲದಾಗ ಯಾರ ಕೈ ತಾಗಿದರೂ ಅದರ ರಂಧ್ರ ಮೇಲಕ್ಕೋ ಪಕ್ಕಕ್ಕೋ ಮುಖ ತಿರುಗಿಸಿ ನಿಂತುಬಿಡುತ್ತದೆ. ಆಗ ಶಾಫ್ಟ್ ಬೇರಿಂಗನ್ನು ಹೇಗೋ ದಾಟಿದರೂ ಕಪ್ಲರಿನ ಬಾಯಿಗೆ ನೇರವಾಗಿ ಹೋಗದೆ ಅಂಚಿಗೆ ತಗುಲಿಕೊಳ್ಳುತ್ತದೆ.

ಮೊದಲು ಬೇರಿಂಗಿನ ಆರೋಗ್ಯವನ್ನು ನೋಡಿ. ಒಳಗೆ ಎರಡು ಬೆರಳಿಟ್ಟು ಒಳಬಳೆಯನ್ನು ತಿರುಗಿಸಿ. ನುಣುಪಾಗಿ, ಗ್ರೀಸಿನ ಮೆತ್ತನೆಯ ತಡೆಯೊಂದಿಗೆ ತಿರುಗಿದರೆ ಒಳ್ಳೆಯದು. ಮರಳು ಸಿಕ್ಕಿದಂತೆ ಕರಕರ ಎಂದರೆ ಅಥವಾ ಅಲ್ಲಲ್ಲಿ ಹಿಡಿದುಕೊಂಡರೆ ಅದನ್ನು ಈಗಲೇ ಬದಲಾಯಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಡ್ರೈವ್ ಕಳಚಿದ ದೋಣಿಯನ್ನು ಬಾಯಿ ತೆರೆದಂತೆ ಬಿಟ್ಟರೆ ಬೇರಿಂಗಿಗೆ ತುಕ್ಕು ಹಿಡಿಯಲು ಆಟಿ ತಿಂಗಳೊಂದೇ ಸಾಕು. ಹಳೆಯ ಬೆಲ್ಲೋಸ್ ಹರಿದಿತ್ತು ಎಂದು ನೀವೇ ಬರೆದಿದ್ದೀರಿ, ಅಂದರೆ ಉಪ್ಪುನೀರು ಆಗಲೇ ಬೇರಿಂಗನ್ನು ತಲುಪಿರುವ ಸಾಧ್ಯತೆಯೂ ಇದೆ. ಯು-ಜಾಯಿಂಟ್‌ಗಳ ಅಡ್ಡಕೀಲುಗಳನ್ನೂ ಎಲ್ಲ ದಿಕ್ಕಿಗೆ ಮಡಚಿ ನೋಡಿ, ಕೀಲುಗಳ ಬುಡದಲ್ಲಿ ಕೆಂಪು ಹುಡಿ ಕಂಡರೆ ಅವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಡ್ರೈವ್ ಹೊರಗಿರುವಾಗ ಇವುಗಳನ್ನು ಬದಲಾಯಿಸಲು ತಗಲುವುದು ಬಿಡಿಭಾಗದ ಬೆಲೆ ಮಾತ್ರ, ಆಮೇಲಾದರೆ ಇಡೀ ಕೆಲಸವನ್ನು ಮತ್ತೆ ಮಾಡಬೇಕು.

ಇನ್ನು ಅಲೈನ್‌ಮೆಂಟ್. ಇದಕ್ಕೆಂದೇ ಒಂದು ಉದ್ದನೆಯ ಉಕ್ಕಿನ ಸರಳು ಸಿಗುತ್ತದೆ. ಯು-ಜಾಯಿಂಟ್ ಶಾಫ್ಟಿನ ಅಳತೆಗೆ ಸರಿಯಾಗಿ ಅದನ್ನು ತಿರುವಿ ಮಾಡಿರುತ್ತಾರೆ. ಮೂಲ ಕಂಪನಿಯದೇ ಆಗಬೇಕೆಂದಿಲ್ಲ, ಇತರ ತಯಾರಕರ ಸರಳುಗಳೂ ಈ ಮಾದರಿಗೆ ದೊರೆಯುತ್ತವೆ. ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದೇ ಎಂಬ ಯೋಚನೆ ನಿಮಗೆ ಬರಬಹುದು. ಅಳತೆ ಚೂರು ಸಡಿಲವಾದರೂ ತಪ್ಪಿದ ಅಲೈನ್‌ಮೆಂಟನ್ನು ಸರಿಯಿದೆ ಎಂದು ಅದು ತೋರಿಸಿಬಿಡುತ್ತದೆ, ಆದ್ದರಿಂದ ಕೊಳ್ಳುವುದೋ ಎರವಲು ತರುವುದೋ ಲೇಸು ಎಂಬುದು ನನ್ನ ಅಭಿಪ್ರಾಯ. ಈ ಇಡೀ ಕೆಲಸದಲ್ಲಿ ಹಣ ಉಳಿಸಬಾರದ ಒಂದು ಉಪಕರಣವಿದ್ದರೆ ಅದು ಇದು.

ಸರಳಿಗೆ ಕೈ ಹಾಕುವ ಮೊದಲು ದೋಣಿ ಹೇಗೆ ನಿಂತಿದೆ ಎಂದು ಪರಿಶೀಲಿಸಿ. ಫೈಬರ್ ಒಡಲು ಆಧಾರ ತಪ್ಪಿದರೆ ಬಾಗುತ್ತದೆ, ಒಡಲು ಬಾಗಿದರೆ ಅದರ ಮೇಲೆ ಕುಳಿತ ಎಂಜಿನ್ನಿನ ಕೋನವೂ ಬದಲಾಗುತ್ತದೆ. ನಮ್ಮ ಕಡೆಯ ಅಂಗಳಗಳಲ್ಲಿ ಕೆಂಪು ಮುರಕಲ್ಲುಗಳನ್ನು ಪೇರಿಸಿ ದೋಣಿಯನ್ನು ಏರಿಸಿಡುವ ವಾಡಿಕೆಯಿದೆ. ಮಳೆಯಲ್ಲಿ ನೆನೆದ ಮುರಕಲ್ಲಿನ ಅಂಚು ಪುಡಿಯಾಗುತ್ತದೆ, ಒಂದು ಮೂಲೆ ಕುಸಿಯುತ್ತದೆ, ಹೊರಗಿನಿಂದ ಅದು ಕಾಣುವುದೂ ಇಲ್ಲ. ಕಲ್ಲುಗಳ ಮೇಲೆ ದಪ್ಪನೆಯ ಹಲಗೆ ಹಾಕಿ, ಅಡಿಮರದ ಉದ್ದಕ್ಕೂ ಮತ್ತು ಹಿಂಗೋಡೆಯ ಕೆಳಗೂ ಭಾರ ಹಂಚಿಹೋಗುವಂತೆ ಮಾಡಿ. ಹಿಂಭಾಗ ಆಧಾರವಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿದ್ದರೆ ನೀವು ಮಾಡುವ ಅಲೈನ್‌ಮೆಂಟ್ ಹೊಳೆಗಿಳಿದ ಕೂಡಲೇ ಬದಲಾಗುತ್ತದೆ.

ಈಗ ಸರಳಿನ ತುದಿಗೆ ತೆಳುವಾಗಿ, ಎಲ್ಲೆಡೆ ಸಮನಾಗಿ ಗ್ರೀಸ್ ಹಚ್ಚಿ, ಬೇರಿಂಗಿನ ಮೂಲಕ ಕಪ್ಲರಿನತ್ತ ತಳ್ಳಿ. ಮೊದಲ ಸಲ ತಡೆದರೆ ಗಾಬರಿ ಬೇಡ. ಸರಳಿನ ಹೊರತುದಿಯನ್ನು ರಬ್ಬರ್ ಸುತ್ತಿಗೆಯಿಂದ ಮೇಲಿನಿಂದ, ಕೆಳಗಿನಿಂದ, ಎಡಬಲಗಳಿಂದ ಮೆಲ್ಲಗೆ ತಟ್ಟುತ್ತ ಬಂದರೆ ಓರೆಯಾಗಿದ್ದ ಬೇರಿಂಗ್ ತನ್ನಷ್ಟಕ್ಕೇ ನೇರವಾಗುತ್ತದೆ, ಬಹಳ ಸಲ ತೊಂದರೆ ಇಲ್ಲಿಗೇ ಬಗೆಹರಿಯುತ್ತದೆ. ಎಲ್ಲವೂ ಸರಿಯಿದ್ದರೆ ಸರಳು ಎರಡು ಬೆರಳಿನ ಬಲಕ್ಕೆ ಒಳಗೆ ಹೋಗಿ, ಅಷ್ಟೇ ಸಲೀಸಾಗಿ ಹೊರಗೆ ಬರಬೇಕು. ಹೊರಬಂದ ಸರಳಿನ ಗ್ರೀಸಿನ ಮೇಲೆ ಕಪ್ಲರಿನ ಹಲ್ಲುಗಳ ಗುರುತು ಮೂಡಿರುತ್ತದೆ. ಆ ಗುರುತು ಸುತ್ತಲೂ ಒಂದೇ ಆಳದಲ್ಲಿದ್ದರೆ ಎಂಜಿನ್ ನೇರವಾಗಿದೆ. ಒಂದು ಬದಿಯಲ್ಲಿ ಮಾತ್ರ ಒತ್ತಿ ಮೂಡಿ, ಎದುರು ಬದಿಯಲ್ಲಿ ಗ್ರೀಸ್ ಹಚ್ಚಿದಂತೆಯೇ ಉಳಿದಿದ್ದರೆ ಎಂಜಿನ್ ಓರೆಯಿದೆ. ಗುರುತನ್ನು ಒಂದೇ ಸಲ ನೋಡಿ ತೀರ್ಮಾನಿಸಬೇಡಿ. ಎಂಜಿನ್ನನ್ನು ಕೈಯಿಂದ ಕಾಲು ಸುತ್ತು ತಿರುಗಿಸಿ ಮತ್ತೆ ಪರೀಕ್ಷಿಸಿ, ಹೀಗೆ ಪೂರ್ತಿ ಒಂದು ಸುತ್ತು ಬನ್ನಿ.

ಓರೆಯನ್ನು ಸರಿಪಡಿಸುವುದು ಎಂಜಿನ್ನನ್ನು ಹೊರುವ ಮುಂಭಾಗದ ಮೌಂಟ್‌ಗಳಲ್ಲಿ. ಅಲ್ಲಿಯ ಲಾಕ್ ನಟ್ಟನ್ನು ಸಡಿಲಿಸಿ, ಹೊಂದಾಣಿಕೆಯ ನಟ್ಟನ್ನು ಅರ್ಧ ಸುತ್ತಿಗಿಂತ ಹೆಚ್ಚಲ್ಲದಂತೆ ತಿರುಗಿಸಿ, ಸರಳು ಹಾಕಿ ಗುರುತು ನೋಡಿ. ಎಡ ಮತ್ತು ಬಲ ಮೌಂಟ್‌ಗಳನ್ನು ಸಮಸಮವಾಗಿ ಏರಿಸಬೇಕು, ಇಳಿಸಬೇಕು. ಒಂದನ್ನೇ ತಿರುಗಿಸಿದರೆ ಎಂಜಿನ್ ಪಕ್ಕಕ್ಕೆ ವಾಲುತ್ತದೆ. ಗುರುತು ಮೊದಲಿಗಿಂತ ಕೆಟ್ಟಿತೆಂದರೆ ವಿರುದ್ಧ ದಿಕ್ಕಿಗೆ ತಿರುಗಿಸಿ. ತಾಳ್ಮೆಯೊಂದೇ ಬೇಕಾದ ಕೆಲಸ ಇದು. ಗುರುತು ಸಮನಾದ ಬಳಿಕ ಲಾಕ್ ನಟ್ಟನ್ನು ಬಿಗಿದು, ಬಿಗಿದ ಮೇಲೆ ಇನ್ನೊಮ್ಮೆ ಸರಳು ಹಾಕಿ ನೋಡಲೇಬೇಕು, ಏಕೆಂದರೆ ಬಿಗಿಯುವಾಗಲೇ ಎಂಜಿನ್ ಚೂರು ಸರಿಯುವುದುಂಟು. ಮೌಂಟಿನ ಹೊಂದಾಣಿಕೆ ಕೊನೆಯ ಎಳೆಯವರೆಗೆ ಹೋದರೂ ಸರಳು ಸಲೀಸಾಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಹಳೆಯ ದೋಣಿಗಳಲ್ಲಿ ಫೈಬರಿನ ಒಳಗೆ ಮುಚ್ಚಿಹೋದ, ಎಂಜಿನ್ ಹೊರುವ ಮರದ ತೊಲೆ ಅಥವಾ ಹಿಂಗೋಡೆಯ ಪ್ಲೈವುಡ್ ಕೊಳೆತು ಕುಸಿದಿರುತ್ತದೆ. ಅದು ಫೈಬರ್ ಕೆಲಸ ಬಲ್ಲ ದೋಣಿ ಕಟ್ಟುವವರ ಪಾಲಿನದು. ಮೌಂಟಿನ ಕೆಳಗೆ ತಗಡು ತುರುಕಿ ಮರೆಮಾಚುವಂಥದಲ್ಲ.

ನೀವು ಹಾಕಿದ ಹೊಸ ಬೆಲ್ಲೋಸ್‌ಗಳನ್ನು ಡ್ರೈವ್ ಕೂರಿಸುವ ಮುನ್ನ ಮತ್ತೊಮ್ಮೆ ನೋಡಲೇಬೇಕಾದ ಕಾರಣವಿದೆ. ಇಲ್ಲಿ ಮೂರು ರಬ್ಬರ್ ಕೊಳವೆಗಳಿವೆ, ಮೂರಕ್ಕೂ ಒಂದೇ ಬಗೆಯ ಮಹತ್ವವಿಲ್ಲ. ಹೊಗೆ ಹೋಗುವ ಬೆಲ್ಲೋಸ್ ಹರಿದರೆ ದೋಣಿ ಮುಳುಗುವುದಿಲ್ಲ. ಹಾರ್ಮೋನಿಯಂನ ತಿದಿಯಂತೆ ಮಡಿಕೆ ಮಡಿಕೆಯಾಗಿರುವ ದೊಡ್ಡ ಯು-ಜಾಯಿಂಟ್ ಬೆಲ್ಲೋಸ್ ಹರಿದರೆ ನೀರು ಯು-ಜಾಯಿಂಟನ್ನೂ ಬೇರಿಂಗನ್ನೂ ತಿಂದು, ಮುಂದೆ ದೋಣಿಯೊಳಕ್ಕೂ ದಾರಿ ಮಾಡಿಕೊಳ್ಳುತ್ತದೆ. ಮೂರನೆಯದು ಗೇರ್ ಕೇಬಲ್ಲಿನ ಸಣ್ಣ ಬೆಲ್ಲೋಸ್. ನೋಡಲು ಕ್ಷುಲ್ಲಕವೆನಿಸುವ ಇದು ಹರಿದರೆ ನೀರು ಕೇಬಲ್ಲಿನ ಜಾಡು ಹಿಡಿದು ನೇರ ದೋಣಿಯೊಳಗೆ ಬರುತ್ತದೆ. ಕಟ್ಟಿ ಹಾಕಿದ ಸ್ಟರ್ನ್‌ಡ್ರೈವ್ ದೋಣಿಗಳು ರಾತ್ರೋರಾತ್ರಿ ಮುಳುಗುವುದಕ್ಕೆ ಇದೊಂದು ಮುಖ್ಯ ಕಾರಣ. ಇತರ ಎರಡನ್ನು ಬದಲಾಯಿಸಿ ಇದನ್ನು ಹಾಗೇ ಬಿಟ್ಟಿದ್ದರೆ ದಯಮಾಡಿ ಈಗಲೇ ಬದಲಾಯಿಸಿ.

ದೊಡ್ಡ ಬೆಲ್ಲೋಸ್‌ನ ಎರಡೂ ತುಟಿಗಳು ತಮ್ಮ ಅಂಚಿನ ಮೇಲೆ ಪೂರ್ತಿ ಕುಳಿತಿವೆಯೇ ಎಂದು ಕೈಯನ್ನು ಒಳಗೆ ಹಾಕಿ ಸುತ್ತಲೂ ಸವರಿ ಪರೀಕ್ಷಿಸಿ. ಒಂದೆಡೆ ತುಟಿ ಒಳಮಡಚಿಕೊಂಡಿದ್ದರೆ ಕ್ಲಾಂಪ್ ಎಷ್ಟೇ ಬಿಗಿಯಾಗಿದ್ದರೂ ನೀರು ಬರುತ್ತದೆ. ಬೆಲ್ಲೋಸ್ ಮೇಲೆ ಯಾವ ಬದಿ ಮೇಲಕ್ಕೆ ಬರಬೇಕೆಂಬ ಗುರುತಿರುತ್ತದೆ, ಅದನ್ನು ಅನುಸರಿಸಿದ್ದೀರಾ ನೋಡಿ. ತುಟಿ ಕೂರುವ ಲೋಹವನ್ನು ಹಳೆಯ ಅಂಟು ಮತ್ತು ಬಿಳಿ ತುಕ್ಕು ಉಳಿಯದಂತೆ ಕೆರೆದು ಒಣಗಿಸಿ, ಬೆಲ್ಲೋಸ್‌ಗೆಂದೇ ಇರುವ ಅಂಟನ್ನು ಹಚ್ಚಬೇಕು. ಅಲ್ಲಿ ಗ್ರೀಸ್ ಸಲ್ಲದು. ಸುಲಭವಾಗಿ ಜಾರಿ ಕೂರಲಿ ಎಂದು ಗ್ರೀಸ್ ಹಚ್ಚಿದರೆ ಡ್ರೈವ್ ಮೇಲೆತ್ತಿದ ದಿನ ಅಷ್ಟೇ ಸುಲಭವಾಗಿ ಅದು ಜಾರಿ ಹೊರಬರುತ್ತದೆ. ಕ್ಲಾಂಪ್ ಸ್ಟೇನ್‌ಲೆಸ್ ಉಕ್ಕಿನದೇ ಇರಲಿ, ಅದರ ಸ್ಕ್ರೂ ಮುಂದೆ ನಿಮ್ಮ ಸ್ಕ್ರೂಡ್ರೈವರಿಗೆ ಸಿಗುವ ಕಡೆಗಿರಲಿ.

ಬೆಲ್ ಹೌಸಿಂಗಿನ ಮುಖವನ್ನೂ ಡ್ರೈವಿನ ಮುಖವನ್ನೂ ಸ್ವಚ್ಛಗೊಳಿಸಿ ಹೊಸ ಗ್ಯಾಸ್ಕೆಟ್ ಮತ್ತು ಹೊಸ ರಬ್ಬರ್ ಸೀಲುಗಳನ್ನು ಹಾಕಿ. ಇವೆಲ್ಲ ಒಂದೇ ಕಿಟ್ಟಿನಲ್ಲಿ ಬರುತ್ತವೆ, ಹಳೆಯದನ್ನು ಒರೆಸಿ ಮರುಬಳಸುವುದು ಬೇಡ. ಆಲ್ಫಾ ಡ್ರೈವಿನಲ್ಲಿ ಎಂಜಿನ್ನಿಗೆ ನೀರೆತ್ತುವ ಪಂಪು ಡ್ರೈವಿನ ಒಳಗೇ ಇದೆ. ಅದು ಎತ್ತಿದ ನೀರು ಇದೇ ಮುಖದ ಒಂದು ರಂಧ್ರದ ಮೂಲಕ ಎಂಜಿನ್ನಿನತ್ತ ಹೋಗುತ್ತದೆ. ಆ ರಂಧ್ರದ ಸೀಲು ಕೂರಿಸುವಾಗ ಜಾರಿ ಬಿದ್ದರೆ ಎಲ್ಲವೂ ಸರಿಯಿರುವಂತೆ ಕಂಡೂ ಎಂಜಿನ್ ಕಾಯತೊಡಗುತ್ತದೆ. ಒಂದು ಚೂರು ಗ್ರೀಸಿನಿಂದ ಅದನ್ನು ತನ್ನ ಗುಂಡಿಯಲ್ಲಿ ಅಂಟಿಸಿಡಿ. ಡ್ರೈವ್ ಹೊರಗಿರುವಾಗಲೇ ಪಂಪಿನ ಇಂಪೆಲ್ಲರನ್ನೂ ಬದಲಾಯಿಸಿ. ಅಳಿವೆಯ ನೀರಿನಲ್ಲಿ ತೇಲುವ ಮರಳು ಅದರ ರೆಕ್ಕೆಗಳನ್ನು ಬೇಗ ಸವೆಸುತ್ತದೆ, ವರ್ಷಕ್ಕೊಮ್ಮೆ ಬದಲಾಯಿಸುವುದು ಅತಿಯೆನಿಸಲಾರದು. ಶಾಫ್ಟಿನ ಮೇಲಿನ ಸಣ್ಣ ಓ-ರಿಂಗ್‌ಗಳಿಗೂ ರಿಟೇನರಿನ ದೊಡ್ಡ ಓ-ರಿಂಗಿಗೂ ನೀರಿಗೆ ಕರಗದ ಮೆರೈನ್ ಗ್ರೀಸನ್ನು ಧಾರಾಳವಾಗಿ ಹಚ್ಚಿ. ಸ್ಪ್ಲೈನ್ ಹಲ್ಲುಗಳಿಗೆ ಕಪ್ಲರ್ ಸ್ಪ್ಲೈನ್ ಗ್ರೀಸ್ ಎಂದೇ ಪ್ರತ್ಯೇಕವಾದದ್ದು ಸಿಗುತ್ತದೆ, ಅದನ್ನೇ ಬಳಸಿ. ಆರು ಸ್ಟಡ್‌ಗಳ ಮೇಲಿನ ಬಿಳಿ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ ತೆಗೆದು ಗ್ರೀಸ್ ಸವರಿ. ಡ್ರೈವಿನ ರಂಧ್ರಗಳೊಳಗೆ ಹೆಪ್ಪುಗಟ್ಟಿದ ಇದೇ ತುಕ್ಕು ಕೂಡ ಕೊನೆಯ ಅಂಗುಲವನ್ನು ತಡೆಯಬಲ್ಲದು.

ಇಷ್ಟಾದ ಮೇಲೆ ಎತ್ತುವ ಕೆಲಸ. ಈ ಡ್ರೈವ್ ಒಬ್ಬರ ಕೈಯಲ್ಲಿ ನಿಲ್ಲುವ ತೂಕದ್ದಲ್ಲ, ಮತ್ತು ತೂಕವನ್ನು ತೋಳಿನಲ್ಲಿ ಹೊತ್ತವರು ಅದೇ ವೇಳೆ ಕೋನವನ್ನು ಹೊಂದಿಸಲಾರರು. ಗಟ್ಟಿಯಾದ ಕಬ್ಬಿಣದ ಮುಕ್ಕಾಲಿಗೆ ಚೈನ್ ಬ್ಲಾಕ್ ಕಟ್ಟಿ, ಅಗಲವಾದ ಬೆಲ್ಟಿನಲ್ಲಿ ಡ್ರೈವನ್ನು ತೂಗುಹಾಕಿ, ಎತ್ತರವನ್ನು ಚೈನಿನಿಂದಲೇ ಹೊಂದಿಸಿ. ಅದರ ಕೆಳಗೆ ಯಾರೂ ಕಾಲು ಚಾಚಬಾರದು, ಮಕ್ಕಳನ್ನು ಅಂಗಳದಿಂದ ದೂರ ಕಳುಹಿಸಿರಬೇಕು. ಡ್ರೈವನ್ನು ಎತ್ತಿ ಇಳಿಸುವ ಟ್ರಿಮ್ ಸಿಲಿಂಡರ್‌ಗಳನ್ನು ಮೇಲಕ್ಕೆ ಕಟ್ಟಿಡಿ. ಒಬ್ಬರು ಯು-ಜಾಯಿಂಟ್ ಶಾಫ್ಟನ್ನು ನೇರ ಹಿಡಿದು ಬೇರಿಂಗಿನ ಬಾಯಿಗೆ ತೋರಿಸಲಿ, ಇನ್ನೊಬ್ಬರು ಹಿಂದಿನಿಂದ ನಿಧಾನವಾಗಿ ತಳ್ಳಲಿ. ಗೇರಿನ ಕೊಂಡಿಗಳು ಹತ್ತಿರ ಬರುವ ಹೊತ್ತಿಗೆ ಒಮ್ಮೆ ನಿಲ್ಲಿಸಿ, ಟಾರ್ಚ್ ಹಿಡಿದು ಒಂದರೊಳಗೊಂದು ನೇರ ಹೋಗುತ್ತಿವೆಯೇ ನೋಡಿ. ಕೊನೆಯ ಅಂಗುಲದಲ್ಲಿ ಡ್ರೈವನ್ನು ಚೂರು ಮೇಲೆ, ಚೂರು ಕೆಳಗೆ, ಎಡಕ್ಕೆ, ಬಲಕ್ಕೆ ಅಲುಗಿಸುತ್ತ ತಳ್ಳಿ. ಮೂರನೆಯವರು ಪ್ರೊಪೆಲ್ಲರ್ ಶಾಫ್ಟನ್ನು ಮೆಲ್ಲಗೆ ತಿರುಗಿಸುತ್ತಿರಲಿ. ದೊಡ್ಡ ಓ-ರಿಂಗ್ ಗುಂಡಿಯೊಳಗೆ ಇಳಿಯುವಾಗ ಒಂದು ಮೆತ್ತನೆಯ ತಡೆ ಸಿಕ್ಕಿ ಬಿಟ್ಟುಕೊಡುತ್ತದೆ, ಆಮೇಲೆ ಡ್ರೈವ್ ತಾನಾಗಿ ಕೂರುತ್ತದೆ. ಗ್ಯಾಸ್ಕೆಟ್ಟನ್ನು ಅಮುಕುವಷ್ಟು ಕೂದಲೆಳೆಯ ಸಂದು ಮಾತ್ರ ಉಳಿದಾಗ ನಟ್ಟುಗಳಿಗೆ ಕೈ ಹಾಕಬಹುದು, ಅದಕ್ಕಿಂತ ಮೊದಲಲ್ಲ.

ಈ ನಟ್ಟುಗಳಿಗೆ 5/8 ಅಂಗುಲದ ಸ್ಪ್ಯಾನರ್ ಬೇಕು. ಅದು ಸಿಗದಿದ್ದರೆ 16 ಮಿಲಿಮೀಟರಿನದು ಹೊಂದುತ್ತದೆ. ಎಲ್ಲವನ್ನೂ ಬೆರಳಿನಿಂದ ಕೂರಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯುತ್ತ ಬಂದು, ಕೊನೆಗೆ ಟಾರ್ಕ್ ರೆಂಚಿನಿಂದ 68 ನ್ಯೂಟನ್ ಮೀಟರಿಗೆ, ಅಂದರೆ 50 ಫುಟ್ ಪೌಂಡಿಗೆ ನಿಲ್ಲಿಸಿ. ಬಿಚ್ಚುವಾಗ ಒಂದು ಸ್ಟಡ್ಡಿನಲ್ಲಿ ಹಲ್ಲುಹಲ್ಲಿನ ವಾಷರ್ ಇದ್ದಿದ್ದರೆ ಅದೇ ಜಾಗಕ್ಕೆ ಅದನ್ನು ಮರಳಿ ಹಾಕಿ. ತುಕ್ಕು ತಡೆಯುವ ವಿದ್ಯುತ್ ಸಂಪರ್ಕ ಅದರ ಮೂಲಕ ಸಾಗುತ್ತದೆ. ಬಳಿಕ ಟ್ರಿಮ್ ಸಿಲಿಂಡರ್‌ಗಳನ್ನು ಜೋಡಿಸಿ, ಡ್ರೈವನ್ನು ಪೂರ್ತಿ ಮೇಲಕ್ಕೂ ಕೆಳಕ್ಕೂ ಒಯ್ದು, ಸ್ಟಿಯರಿಂಗನ್ನು ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ ಎಲ್ಲಿಯೂ ಹಿಡಿಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಗೇರ್ ಎಣ್ಣೆಯನ್ನು ಕೆಳಗಿನ ರಂಧ್ರದಿಂದ ಪಂಪು ಮಾಡಿ ತುಂಬಬೇಕು, ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ಮೇಲಿನ ರಂಧ್ರದಿಂದ ಗುಳ್ಳೆಯಿಲ್ಲದೆ ಎಣ್ಣೆ ಹೊರಬಂದಾಗ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು, ಎರಡಕ್ಕೂ ಹೊಸ ವಾಷರ್. ನಿಮ್ಮ ಮಾದರಿಗೆ ಸುಮಾರು 1.9 ಲೀಟರ್ ಬೇಕಾದೀತು. ಕಳಚುವಾಗ ಹೊರಬಂದ ಹಳೆಯ ಎಣ್ಣೆ ಹಾಲಿನಂತೆ ಬೆಳ್ಳಗಿದ್ದಿದ್ದರೆ ಡ್ರೈವಿನೊಳಗೆ ನೀರು ಸೇರುತ್ತಿದೆ. ಆ ಸೀಲನ್ನು ಹುಡುಕದೆ ಹೊಸ ಎಣ್ಣೆ ಹಾಕಿ ಪ್ರಯೋಜನವಿಲ್ಲ.

ಅಂಗಳದಲ್ಲೇ ಎಂಜಿನ್ ಚಾಲೂ ಮಾಡಿ ನೋಡುವುದಾದರೆ ಪ್ರೊಪೆಲ್ಲರ್ ಕಳಚಿಡಿ, ಡ್ರೈವಿನ ನೀರುಬಾಯಿಗಳಿಗೆ ಇಯರ್‌ಮಫ್ ಆಕಾರದ ರಬ್ಬರ್ ಬಟ್ಟಲುಗಳನ್ನು ಕೂರಿಸಿ ನೀರು ಬಿಡಿ. ತಾರಸಿಯ ಟ್ಯಾಂಕಿಯಿಂದ ಬರುವ ನೀರಿನ ಒತ್ತಡ ಸಾಮಾನ್ಯವಾಗಿ ಸಾಲದು, ಬಾವಿಯ ಪಂಪಿನಿಂದ ನೇರ ಪೈಪು ಎಳೆಯಿರಿ. ನೀರಿಲ್ಲದೆ ಕ್ಷಣಕಾಲ ಓಡಿದರೂ ಹೊಸ ಇಂಪೆಲ್ಲರ್ ಸುಟ್ಟುಹೋಗುತ್ತದೆ. ಪೆಟ್ರೋಲ್ ಎಂಜಿನ್ ಮುಚ್ಚಿದ ಕೋಣೆಯಲ್ಲಿರುವ ದೋಣಿ ಇದಾದ್ದರಿಂದ, ಕೀಲಿ ತಿರುಗಿಸುವ ಮುನ್ನ ನಾಲ್ಕು ನಿಮಿಷ ಬ್ಲೋವರ್ (ಕೋಣೆಯ ಗಾಳಿಯನ್ನು ಹೊರಹಾಕುವ ಫ್ಯಾನ್) ಓಡಿಸಿ, ಮೂಗಿನಿಂದ ಪೆಟ್ರೋಲ್ ವಾಸನೆಯನ್ನು ಪರೀಕ್ಷಿಸುವ ಅಭ್ಯಾಸವನ್ನು ಎಂದೂ ಬಿಡಬೇಡಿ. ಐಡ್ಲಿಂಗ್ ವೇಗದಲ್ಲೇ ಇಟ್ಟು, ಫಾರ್ವರ್ಡ್, ನ್ಯೂಟ್ರಲ್, ರಿವರ್ಸ್ ಮೂರರಲ್ಲೂ ಪ್ರೊಪೆಲ್ಲರ್ ಶಾಫ್ಟ್ ಹೇಳಿದಂತೆ ಕೇಳುತ್ತದೆಯೇ ನೋಡಿ. ಎಂಜಿನ್ ನಿಂತಿರುವಾಗ ಹಿಡಿಕೆಯನ್ನು ಬಲವಂತವಾಗಿ ಎಳೆದು ಗೇರು ಬದಲಿಸಬೇಡಿ, ಕೇಬಲ್ ಬಾಗುತ್ತದೆ.

ತುಕ್ಕಿನ ರಕ್ಷಣೆಗೆ ಹಾಕುವ ಆನೋಡ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಡ್ರೈವ್ ಕೈಯಲ್ಲಿರುವಾಗಲೇ ನೋಡಬೇಕಾದ ವಿಷಯವಿದು. ಕಡಲಿನ ಉಪ್ಪುನೀರಿಗೆ ಸತು, ಸಿಹಿನೀರಿಗೆ ಮೆಗ್ನೀಸಿಯಂ, ಚಪ್ಪೆಯೂ ಉಪ್ಪೂ ಬೆರೆತ ನೀರಿಗೆ ಅಲ್ಯುಮಿನಿಯಂ ಆನೋಡ್ ಸೂಕ್ತ. ಶಿರಿಯದಿಂದ ಚಂದ್ರಗಿರಿಯವರೆಗೆ ನಮ್ಮ ಹೊಳೆಗಳ ಅಳಿವೆಗಳು ಮಳೆಗಾಲದಲ್ಲಿ ಬಹುತೇಕ ಸಿಹಿನೀರಾಗಿ, ಬೇಸಿಗೆಯಲ್ಲಿ ಬಹುತೇಕ ಕಡಲಾಗಿ ಬದಲಾಗುತ್ತವೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ನಿಷ್ಕ್ರಿಯವಾಗುವುದರಿಂದ ನಿಮ್ಮಂಥವರಿಗೆ ಅಲ್ಯುಮಿನಿಯಂ ಆನೋಡ್‌ಗಳನ್ನೇ ಹಾಕಿ ಎನ್ನುತ್ತೇನೆ. ಅವುಗಳ ಮೇಲೆ ಬಣ್ಣ ಬಳಿಯಬಾರದು. ಒಡಲಿಗೆ ಹಚ್ಚುವ, ತಾಮ್ರ ಬೆರೆತ ಪಾಚಿನಿರೋಧಕ ಬಣ್ಣವನ್ನು ಡ್ರೈವಿಗೆ ತಾಗಿಸಲೂಬಾರದು, ಅದು ಅಲ್ಯುಮಿನಿಯಂ ಕವಚವನ್ನು ಕೊರೆದುಹಾಕುತ್ತದೆ.

ಹೊಳೆಗಿಳಿಸುವ ಮೊದಲ ದಿನ ಕೂಡಲೇ ಓಡಿಸಲು ಹೊರಡಬೇಡಿ. ದೋಣಿಯನ್ನು ದಡದಲ್ಲಿ ಕಟ್ಟಿ, ಎಂಜಿನ್ ಮುಚ್ಚಳ ತೆರೆದು, ತಳವನ್ನು ಒಣ ಬಟ್ಟೆಯಿಂದ ಒರೆಸಿ, ಅರ್ಧ ಗಂಟೆ ಕಾದು ನೋಡಿ. ಕಪ್ಲರಿನ ಕೆಳಗೆ ತೊಟ್ಟಿಕ್ಕಿದರೆ ದೊಡ್ಡ ಬೆಲ್ಲೋಸ್, ಗೇರ್ ಕೇಬಲ್ ಒಳಬರುವ ಕಡೆ ಒದ್ದೆಯಾದರೆ ಸಣ್ಣ ಬೆಲ್ಲೋಸ್ ಕಾರಣ. ಒಣಗಿಯೇ ಇದ್ದರೆ ಡ್ರೈವನ್ನು ಎರಡೂ ಬದಿಗೆ ತಿರುಗಿಸಿ, ಒಮ್ಮೆ ಮೇಲೆತ್ತಿ ಇಳಿಸಿ, ಬೆಲ್ಲೋಸ್ ಎಳೆದುಕೊಂಡ ಸ್ಥಿತಿಯಲ್ಲೂ ಮತ್ತೆ ನೋಡಿ. ಬಳಿಕ ನಿಧಾನ ವೇಗದಲ್ಲಿ ಹೊರಟು ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿಡಿ. ತಿರುವಿನಲ್ಲಿ ಹಿಂಬದಿಯಿಂದ ಗುರುಗುಟ್ಟುವ ಸದ್ದು ಬಂದರೆ ಯು-ಜಾಯಿಂಟ್ ಅಥವಾ ಗಿಂಬಲ್ ಬೇರಿಂಗಿನ ಮೇಲೆ ಅನುಮಾನವಿರಲಿ, ಅಂದಿಗೆ ಹಿಂದಿರುಗಿಬಿಡಿ. ಮೊದಲ ಓಟ ಮುಗಿಸಿ ಬಂದ ಮೇಲೆ ಆರೂ ನಟ್ಟುಗಳ ಟಾರ್ಕನ್ನು ಮತ್ತೊಮ್ಮೆ ಪರೀಕ್ಷಿಸಿ, ಸಿಹಿನೀರಿನಿಂದ ಎಂಜಿನ್ನನ್ನು ತೊಳೆದು, ದೋಣಿಯನ್ನು ಅಂಗಳಕ್ಕೆ ತರುವುದಾದರೆ ಡ್ರೈವನ್ನು ಪೂರ್ತಿ ಕೆಳಗಿಳಿಸಿದ ಸ್ಥಿತಿಯಲ್ಲೇ ಇಡಿ. ಆಗ ಒಳಗಿನ ನೀರು ಸೋರಿಹೋಗುತ್ತದೆ, ಬೆಲ್ಲೋಸ್‌ಗಳ ಮೇಲೆ ಎಳೆತವೂ ಬೀಳುವುದಿಲ್ಲ.